ಚಾವಿ ಇಸಕೊಳ್ಳಾಕ ಯಾರೂ ಇಲ್ಲ

ಹಡಗು ಹತ್ತುವುದು ಗೋವಾದ ಮುರಗಾಂವ್ ಬಂದರಿನಲ್ಲಿ, ಇಳಿಯುವುದು ಮುಂಬಯಿಯಲ್ಲಿ. ಈ ಒಂದು ಕಾರಣಕ್ಕೆ ನಮ್ಮ ಹಳೇ ಕಾರು ಸವದತ್ತಿಯ ಮನೆಮುಂದೆ ಉಳಿಯಿತು, ಬಾಡಿಗೆ ಕಾರು ನಮ್ಮ ಕೊರಳಿಗೆ ಬಿತ್ತು. ಸ್ವಂತ ಗಾಡಿ ಒಯ್ದರೆ ಅದನ್ನು ಗೋವಾದಲ್ಲಿ ನಿಲ್ಲಿಸಿ, ಮುಂಬಯಿಯಿಂದ ಮತ್ತೆ ಗೋವಾಕ್ಕೆ ಹೋಗಿ ತರಬೇಕು. ಸ್ಟ್ಯಾಂಡಿನ ಟ್ಯಾಕ್ಸಿಯವನು ಖಾಲಿ ಗಾಡಿ ತಿರುಗಿ ಬರುವ ಬಾಡಿಗೆಯನ್ನೂ ಕೂಡಿಸಿ ಹೇಳಿದ. ಅಷ್ಟರಲ್ಲಿ ಬೆಂಗಳೂರಿನ ಮಗಳು ಫೋನಿನಲ್ಲೇ ಒಂದು ವ್ಯವಸ್ಥೆ ಮಾಡಿಬಿಟ್ಟಿದ್ದಳು. ಧಾರವಾಡದಲ್ಲಿ ಕಾರು ತೆಗೆದುಕೊಳ್ಳುವುದು, ನಾನೇ ಓಡಿಸುವುದು, ಗೋವಾದ ದಾಬೋಳಿ ವಿಮಾನ ನಿಲ್ದಾಣದ ಹೊರಗೆ ಕಂಪನಿಯ ಮನುಷ್ಯನಿಗೆ ಚಾವಿ ಕೊಡುವುದು. ದಾಬೋಳಿಯಿಂದ ಬಂದರು ಹತ್ತಿರ. ಕಾಗದದ ಮೇಲೆ ಇದಕ್ಕಿಂತ ಸರಳ ಯಾವುದೂ ಇರಲಿಲ್ಲ.

ನಾನು ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲಿ ಸೆಕ್ರೆಟರಿಯಾಗಿದ್ದು ನಿವೃತ್ತನಾದವನು. ಪಾವತಿ ಹರಿಯದೆ ಒಂದು ಚೀಲ ಯೂರಿಯಾ ಬಾಗಿಲು ದಾಟಿಸಿದವನಲ್ಲ. ಧಾರವಾಡದಲ್ಲಿ ಕಾರು ಇಸಕೊಳ್ಳುವಾಗ ಸುತ್ತಲೂ ತಿರುಗಿ, ಬಂಪರ್, ಬಾಗಿಲು, ಗಾಲಿ, ಪೆಟ್ರೋಲ್ ಮುಳ್ಳು ಎಲ್ಲದರ ಫೋಟೊ ತೆಗೆದೆ. ಎಡಗಡೆ ಹಿಂದಿನ ಬಾಗಿಲಿನ ಹಿಡಿಕೆಯ ಕೆಳಗೆ ಬೆರಳುದ್ದದ ಗೀರು ಇತ್ತು. ಅದನ್ನು ಎರಡು ಸಲ ತೆಗೆದೆ. ಮದುವೆ ಮುಗಿದ ಮೇಲೆ ಬಾಡಿಗೆ ಪಾತ್ರೆ ತಿರುಗಿ ಕೊಡುವಾಗ ಒಂದು ಸೌಟು ಕಡಿಮೆ ಬಿದ್ದರೂ ಹೆಣ್ಣಿನ ಅಪ್ಪ ಅಂಗಡಿಯ ಮುಂದೆ ಹೇಗೆ ನಿಲ್ಲಬೇಕಾಗುತ್ತದೆಂದು ನೋಡಿದವರಿಗೆ ಇದು ಅತಿ ಅನ್ನಿಸಲಿಕ್ಕಿಲ್ಲ.

ಭಾರತ ಹುಣ್ಣಿಮೆ ಹತ್ತಿರ ಬಂದಿತ್ತು. ಬೆಳಗಿನ ಜಾವ ನಾನು, ನಮ್ಮಾಕಿ, ಅಕ್ಕ ಮೂವರೂ ಊರು ಬಿಡುವಾಗ ಎಲ್ಲಮ್ಮನ ಗುಡ್ಡಕ್ಕೆ ಬರುವ ಚಕ್ಕಡಿ, ಟ್ರ್ಯಾಕ್ಟರುಗಳು ಎದುರಾದವು. ಅಕ್ಕ ಹಿಂದಿನ ಸೀಟಿನಿಂದ ಕೈ ಮುಗಿದಳು. ಆಕೆಗೆ ಎಪ್ಪತ್ತೆರಡು, ಮೊಣಕಾಲು ನೋವು, ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ. ಕಾಲ ಬಳಿ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹಡಗಿನಲ್ಲಿ ಊಟ ಕೊಡುತ್ತಾರೆಂದು ಎಷ್ಟು ಹೇಳಿದರೂ, “ಅವರ ಊಟ ಅವರಿಗೆ” ಎಂದಿದ್ದಳು.

ಬೈಲಹೊಂಗಲ ದಾಟಿ ಹೈವೇ ಹಿಡಿದು ಬೆಳಗಾವಿ, ಅಲ್ಲಿಂದ ಜಾಂಬೋಟಿ ರಸ್ತೆ. ಕಣಕುಂಬಿಯಲ್ಲಿ ಅಕ್ಕ ಗಾಡಿ ನಿಲ್ಲಿಸಲು ಹೇಳಿದಳು. ಮಲಪ್ರಭೆ ಹುಟ್ಟುವುದು ಅಲ್ಲಿ. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಸಮುದ್ರದಂತೆ ನಿಲ್ಲುವ ಆ ನೀರನ್ನೇ ಆಕೆ ಹುಟ್ಟಿದಾಗಿನಿಂದ ಕುಡಿದವಳು. ಇಷ್ಟು ಸಣ್ಣದಾಗಿ ಶುರುವಾಗುತ್ತದೆಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ಸಮುದ್ರ ಅಷ್ಟು ಹತ್ತಿರ ಇದ್ದರೂ ಈ ಹೊಳೆ ಅತ್ತ ಹೊರಳದೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಳಸಾ-ಬಂಡೂರಿಯ ಜಗಳವೆಲ್ಲ ಈ ನೆಲದ್ದೇ. ನಾವು ನಿಂತದ್ದು ಹತ್ತು ನಿಮಿಷ ಇರಬಹುದು. ಮುಂದೆ ನಮ್ಮಾಕಿ ಆ ಹತ್ತು ನಿಮಿಷದ ಲೆಕ್ಕವನ್ನು ಬಹಳ ಸಲ ತೆಗೆದಳು.

ಚೋರ್ಲಾ ಘಟ್ಟದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಕೇರಿ, ಸಾಖಳಿ, ಡಿಚೋಲಿ ದಾಟಿದೆವು. ಪಣಜಿಯ ಮಾಂಡೋವಿ ಸೇತುವೆ ಒಂದು ಕಡೆ ಬಿಟ್ಟು ಬಾಣಸ್ತರಿ ಮೇಲೆ ಬಂದು, ಜುವಾರಿಯ ಹೊಸ ಸೇತುವೆ ಹತ್ತಿ, ಹನ್ನೊಂದೂವರೆಗೆ ದಾಬೋಳಿ ಮುಟ್ಟಿದೆವು. ಹಡಗಿನ ಚೆಕ್-ಇನ್ ಮುಚ್ಚುವುದು ನಾಲ್ಕೂವರೆಗೆ. ಐದು ತಾಸು ಕೈಯಲ್ಲಿತ್ತು. ವಾಸ್ಕೋದಲ್ಲಿ ಚಹಾ ಕುಡಿಯುವ ಮಾತಾಡಿಕೊಂಡಿದ್ದೆವು.

ದಾಬೋಳಿಯಲ್ಲಿ ಚಾವಿ ಇಸಕೊಳ್ಳಲು ಯಾರೂ ಇರಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳಿತು, ಒತ್ತಿದೆ, ಹಾಡು ಕೇಳಿಸಿತು. ಕೊನೆಗೆ ಹಿಂದಿಯಲ್ಲಿ ಒಬ್ಬ ಮಾತಾಡಿದ. ದಾಬೋಳಿಯಲ್ಲಿ ಈಗ ಅವರ ಗಾಡಿ ಬಿಡುವ ಜಾಗ ಇಲ್ಲವಂತೆ. ಮೋಪಾಕ್ಕೆ ಬದಲಾಗಿದೆಯಂತೆ. ಮೆಸೇಜು ಕಳಿಸಿದ್ದೇವೆ ಎಂದ. ಹೌದು, ಕಳಿಸಿದ್ದರು. ಬೆಳಿಗ್ಗೆ ನಾವು ಘಟ್ಟದಲ್ಲಿದ್ದಾಗ.

ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ದಾಬೋಳಿ ಹಳೆಯದು, ನೌಕಾಪಡೆಯ ನೆಲೆಯ ಒಳಗೆ ಇರುವಂಥದ್ದು. ಮೋಪಾದ್ದು ಹೊಸದು, 2023ರ ಜನವರಿಯಲ್ಲಿ ವಿಮಾನ ಶುರುವಾದದ್ದು, ಗೋವಾದ ಬಡಗಣ ತುದಿಯಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿದೆ. ಬಂದರಿನಿಂದ 60 ಕಿಲೋಮೀಟರಿನಷ್ಟು ದೂರ. ಹೊಟ್ಟೆ ಉರಿದದ್ದು ದೂರಕ್ಕಲ್ಲ. ಡಿಚೋಲಿಯಲ್ಲಿದ್ದಾಗ ಒಬ್ಬರು ಫೋನ್ ಮಾಡಿ ಹೇಳಿದ್ದರೆ ಸಾಕಿತ್ತು, ಅಲ್ಲಿಂದಲೇ ಉತ್ತರಕ್ಕೆ ತಿರುಗುತ್ತಿದ್ದೆವು.

ಮಗಳು ಬೆಂಗಳೂರಿನಿಂದ ಕಂಪನಿಯ ಚಾಟಿನಲ್ಲಿ ಗುದ್ದಾಡಿದಳು. ಅಲ್ಲಿ ಉತ್ತರ ಬರೆಯುತ್ತಿದ್ದದ್ದೂ ಯಂತ್ರವೇ. ಆ್ಯಪಿನಲ್ಲಿ ‘ಪ್ರಯಾಣ ಮುಗಿಸಿ’ ಎಂಬ ಗುಂಡಿ ಇದೆ. ಗಾಡಿ ಅವರು ಗುರುತು ಹಾಕಿದ ಜಾಗದಲ್ಲಿ ನಿಂತಾಗ ಮಾತ್ರ ಅದು ತೆರೆಯುತ್ತದೆ, ಅಲ್ಲಿಯತನಕ ತಾಸಿಗಿಷ್ಟು ಎಂದು ಬಾಡಿಗೆ ಓಡುತ್ತಲೇ ಇರುತ್ತದೆ. ಎರಡನೇ ಸಲ ಫೋನಿಗೆ ಸಿಕ್ಕವನು ಇನ್ನೊಂದು ಉಪಾಯ ಹೇಳಿದ. ಪಾರ್ಕಿಂಗಿನಲ್ಲಿ ನಿಲ್ಲಿಸಿ, ಚಾವಿಯನ್ನು ಕಾಲಡಿಯ ಮ್ಯಾಟಿನ ಕೆಳಗಿಟ್ಟು ಹೋಗಿ, ನಮ್ಮ ಹುಡುಗ ಸಂಜೆ ಬಂದು ಒಯ್ಯುತ್ತಾನೆ. ಹಾಗಾದರೆ ಅದನ್ನು ಬರೆದು ಕಳಿಸು ಎಂದೆ. ಬರೆಯಲು ಬರುವುದಿಲ್ಲ ಎಂದ.

ನಮ್ಮಾಕಿಗೆ ಆ ಉಪಾಯ ಹಿಡಿಸಿತ್ತು. “ಇಟ್ಟ ನಡೀರಿ, ಅವರ ಗಾಡಿ, ಅವರ ಜವಾಬ್ದಾರಿ.” ನನಗೆ ಕಾಲು ಏಳಲಿಲ್ಲ. ನಾವು ಹಡಗಿನಲ್ಲಿರುವಾಗ ಸಮುದ್ರದ ನಡುವೆ ಫೋನ್ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಯಾವನೋ ಆ ಕಾರು ಒಯ್ದು ಯಾರಿಗೋ ಗುದ್ದಿದರೆ ಕಾಗದದಲ್ಲಿರುವ ಹೆಸರು ನನ್ನದು, ಲೈಸೆನ್ಸ್ ನನ್ನದು. ನೌಕಾಪಡೆಯ ನೆಲೆಯ ಬಾಗಿಲಲ್ಲಿ ಬೇರೆ ರಾಜ್ಯದ, ಕಪ್ಪು ಫಲಕದ, ಮಾಲೀಕರಿಲ್ಲದ ಕಾರು ರಾತ್ರಿತನಕ ನಿಂತರೆ ಯಾರು ಸುಮ್ಮನಿರುತ್ತಾರೆ? ಅಕ್ಕನೇ ಮಾತು ಮುಗಿಸಿದಳು. “ತಮ್ಮಾ, ಮಂದಿ ವಸ್ತು ಅದು. ಕೈಗೆ ಕೊಟ್ಟ ಬಾ. ನಾವು ಕುಂದರ್ತೇವಿ.”

ಅವರಿಬ್ಬರನ್ನೂ ಸಾಮಾನಿನ ಸಮೇತ ಬಂದರಿನ ಗೇಟಿಗೆ ಬಿಟ್ಟೆ. ಈ ಬಂದರಿಗೂ ನಮ್ಮ ಸೀಮೆಗೂ ಹಳೇ ನಂಟು. 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ರೈಲು ಹಾಕಿದಾಗ ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸುವುದು ಒಂದು ದೊಡ್ಡ ಉದ್ದೇಶವಾಗಿತ್ತು. ಹತ್ತಿಯ ಹಿಂದೆ ಜನವೂ ಹೋದರು. ವಾಸ್ಕೋದ ಬೈನಾ, ಜುವಾರಿನಗರದಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಕೂಲಿಯವರ ಮೂರನೇ ತಲೆಮಾರು ಬೆಳೆಯುತ್ತಿದೆ. ಬೈನಾ ಕಡಲದಂಡೆಯಲ್ಲಿ ಅವರ ಮನೆಗಳನ್ನು ಕೆಡವಿದ ಸುದ್ದಿಯನ್ನು ನಾವೆಲ್ಲ ಪೇಪರಿನಲ್ಲಿ ಓದಿದವರೇ. ಗೇಟಿನಲ್ಲಿ ಸಾಮಾನು ಎತ್ತಲು ಬಂದ ಹಮಾಲ ಅಕ್ಕನ ಮಾತು ಕೇಳಿ “ಯಾವೂರ್ರೀ ಯವ್ವಾ?” ಎಂದ. ರಾಮದುರ್ಗದ ಕಡೆಯವ, ಬೈನಾದಲ್ಲೇ ಹುಟ್ಟಿದವ. ನೆರಳಿನಲ್ಲಿ ಒಂದು ಕುರ್ಚಿ ತಂದು ಹಾಕಿದ. ಅವರನ್ನು ಅವನ ಮೇಲೆ ಬಿಟ್ಟು ಹನ್ನೆರಡೂವರೆಗೆ ಹೊರಟೆ.

ಜುವಾರಿ ಸೇತುವೆ ಬೇಗ ದಾಟಿತು. ಪಣಜಿ ದಾಟಿ ಮಾಂಡೋವಿಯ ಮೇಲೆ ಬಂದು ಪೊರ್ವೊರಿ ಏರಿದ ಕೂಡಲೇ ಗಾಡಿಗಳು ನಿಂತವು. ಅಲ್ಲಿ ಹೆದ್ದಾರಿಯ ಮೇಲೆ ಮೇಲ್ಸೇತುವೆ ಕಟ್ಟುತ್ತಿದ್ದರು. ಎದುರಿನ ಲಾರಿಯ ಹಿಂಬದಿ ಓದುತ್ತ, ಗಡಿಯಾರ ನೋಡುತ್ತ ಕೂತೆ. ಎ.ಸಿ. ಹಾಕಿದ್ದರೂ ಅಂಗಿ ಬೆನ್ನಿಗೆ ಅಂಟಿತು. ಗಾಡಿಯನ್ನು ಅಲ್ಲೇ ರಸ್ತೆಯ ಮಗ್ಗುಲಿಗೆ ಒಗೆದು ಹೋಗಿಬಿಡಲೇ ಎಂದು ಅನ್ನಿಸದೆ ಇರಲಿಲ್ಲ. ಮಾಪುಸಾ, ಕೊಲ್ವಾಳ, ಧಾರಗಳ ದಾಟಿ, ಪೆಟ್ರೋಲ್ ಮುಳ್ಳು ಮೊದಲಿದ್ದಲ್ಲಿಗೆ ಬರುವಷ್ಟು ಹಾಕಿಸಿ, ಮೋಪಾ ಮುಟ್ಟಿದಾಗ ಎರಡೂಕಾಲು.

ಕಂಪನಿಯ ಹುಡುಗ ಊಟಕ್ಕೆ ಹೋಗಿದ್ದ. ಬಂದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಎಲ್ಲಿಂದಲೋ ದುಡಿಯಲು ಬಂದವನೇ. ಗಾಡಿಯ ಸುತ್ತ ನಿಧಾನವಾಗಿ ತಿರುಗಿದ. ಎಡಗಡೆ ಹಿಂದಿನ ಬಾಗಿಲ ಹತ್ತಿರ ನಿಂತ. ನಾನು ಧಾರವಾಡದ ಫೋಟೊ ತೋರಿಸಿದೆ. ಫೋನ್ ನೋಡಿ, ಗೀರು ನೋಡಿ, “ಸಿಸ್ಟಮ್ ಮೇ ನಹೀ ಹೈ, ಅಂಕಲ್” ಎಂದ. ಒಟಿಪಿ ಬರಬೇಕಿತ್ತು, ಮಗಳ ಫೋನಿಗೆ ಬಂತು, ಅವಳು ಹೇಳಿದಳು, ಅಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಇನ್ನೊಂದು ಬಂತು. ಆ್ಯಪು ಸುತ್ತುತ್ತಲೇ ಇತ್ತು. “ಆಪ್ ಜಾಯಿಯೇ, ಮೈ ಬಾದ್ ಮೇ ಕರ್ ದೂಂಗಾ” ಎಂದ.

ಅಲ್ಲಿ ನಾನು ಮಾಡಿದ್ದಕ್ಕೆ ಮನೆಯಲ್ಲಿ ಇನ್ನೂ ಬೈಗುಳ ಮುಗಿದಿಲ್ಲ. ಜೇಬಿನಲ್ಲಿದ್ದ ಒಂದೇ ಕಾಗದ ಹಡಗಿನ ಬೋರ್ಡಿಂಗ್ ಕಾರ್ಡಿನ ಪ್ರಿಂಟು. ಅದರ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬರೆದೆ: ಗಾಡಿಯ ನಂಬರು, ಒಂದು ಚಾವಿ, ಓಡಿದ ಕಿಲೋಮೀಟರು, ಪೆಟ್ರೋಲ್, ಗೀರು ಮೊದಲಿನದು, ಸಮಯ ಎರಡು ನಲವತ್ತು, ಗಾಡಿ ಪಡೆದಿದ್ದೇನೆ. ಸಹಿ ಮಾಡು ಎಂದೆ. ಹುಡುಗ ಹಿಂಜರಿದ. ಸಾಹೇಬರನ್ನು ಕೇಳಬೇಕು ಎಂದ. ನಮ್ಮಾಕಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸಾಹೇಬರು ಸಿಗಲಿಲ್ಲ. ಸಹಿ ಇಲ್ಲದೆ ಚಾವಿ ಕೊಡುವುದಿಲ್ಲವೆಂದು ನಿಂತೆ, ನನ್ನ ಹಡಗು ಹೋದರೆ ಹೋಗಲಿ ಎಂದೂ ಅಂದೆ. ಅದು ಹಟ ಅನ್ನಿ. ‘ಗೀರು ಮೊದಲಿನದು’ ಎಂಬುದನ್ನು ಹೊಡೆದು ಹಾಕಿಸಿ ಅವನು ಸಹಿ ಮಾಡಿದ. ಅಷ್ಟಕ್ಕೆ ಒಪ್ಪಿದೆ.

ಓಲಾ, ಉಬರ್ ಗೋವಾದಲ್ಲಿ ಓಡುವುದಿಲ್ಲ, ಅಲ್ಲಿಯ ಟ್ಯಾಕ್ಸಿಯವರು ಬಿಟ್ಟಿಲ್ಲ. ಕೌಂಟರಿನಲ್ಲಿ ಹೇಳಿದಷ್ಟು ಕೊಟ್ಟು ಕೂತೆ. ಡ್ರೈವರ್ ಪೆಡಣೆ ಕಡೆಯವನು, ವಯಸ್ಸಾದವನು. ಹಡಗು ಎಂದೊಡನೆ ಒಳದಾರಿ ಹಿಡಿದ. ಹಿಂದೆ ಮುಂಬಯಿ-ಪಣಜಿ ಸ್ಟೀಮರ್ ಓಡುತ್ತಿದ್ದಾಗ ಅಪ್ಪನ ಜೊತೆ ಡೆಕ್ಕಿನ ಮೇಲೆ ಮಲಗಿ ಹೋಗಿದ್ದನ್ನು ಹಿಂದಿ-ಮರಾಠಿ ಬೆರೆಸಿ ಹೇಳುತ್ತ ಹೋದ. ಬೇರೆ ದಿನವಾಗಿದ್ದರೆ ಕಿವಿಗೊಟ್ಟು ಕೇಳುತ್ತಿದ್ದೆ.

ಬಂದರಿನ ಗೇಟಿಗೆ ಬಂದಾಗ ನಾಲ್ಕೂ ಇಪ್ಪತ್ತು. ಹಡಗಿನವರು ಇಬ್ಬರನ್ನೂ ಮೊದಲೇ ಒಳಗೆ ಕರೆದಿದ್ದರಂತೆ. ನಮ್ಮಾಕಿ ಹೋಗಿರಲಿಲ್ಲ. “ಅವರು ಬರೂಮಟಾ ನಾವೂ ಬರೂದಿಲ್ರಿ” ಎಂದು ಕನ್ನಡದಲ್ಲೇ ಹೇಳಿ ಕೂತಿದ್ದಳು. ಅದನ್ನು ಹಮಾಲನೇ ಅವರಿಗೆ ಹಿಂದಿಯಲ್ಲಿ ತಿಳಿಸಿದ್ದ. ಹೊರಗಿನ ಅಡುಗೆ ಹಡಗಿಗೆ ಬಿಡುವುದಿಲ್ಲವೆಂದು ಗೊತ್ತಾಗಿ ರೊಟ್ಟಿಯ ಗಂಟು ಪೂರ್ತಿ ಅವನ ಪಾಲಾಗಿತ್ತು. ಚಟ್ನಿಯನ್ನೂ ಬಿಟ್ಟುಕೊಡಬೇಕಾಯಿತೆಂದು ಅಕ್ಕನಿಗೆ ಕೊಂಚ ಬೇಸರ. ಕಣಕುಂಬಿಯ ಹತ್ತು ನಿಮಿಷದ ಮಾತನ್ನು ನಮ್ಮಾಕಿ ಮತ್ತೆ ತೆಗೆದಾಗ ಅಕ್ಕ, “ಮುಟ್ಟಿದ್ನಲ್ಲ, ಮತ್ತೇನು?” ಎಂದಳು.

ಕೌಂಟರಿನ ಹುಡುಗಿ ನನ್ನ ಪ್ರಿಂಟು ಕೇಳಿದಳು. ಅದನ್ನು ಅವರೇ ಇಟ್ಟುಕೊಳ್ಳುತ್ತಾರಂತೆ. ನಾನು ಕೊಡಲೊಲ್ಲೆ. ಹಿಂದೆ ಸರದಿಯಲ್ಲಿ ಯಾರೂ ಉಳಿದಿರಲಿಲ್ಲ, ಆಕೆ ಬೆನ್ನಿನ ಬರಹ ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಫೋನಿನಲ್ಲಿದ್ದ ಪ್ರತಿ ನೋಡಿ ಬಿಟ್ಟಳು. ನಮ್ಮನ್ನು ಕೂರಿಸಿಕೊಂಡ ಬಸ್ಸು ಹಡಗಿನತ್ತ ಹೊರಟಿತು.

ಮುಂಬಯಿಯಲ್ಲಿ ಫೋನ್ ಜೀವ ಹಿಡಿದಾಗ ಕಂಪನಿಯ ಬಿಲ್ಲು ಬಂದಿತ್ತು. ಪ್ರಯಾಣ ಮುಗಿದದ್ದು ಸಂಜೆ ಆರೂ ಹತ್ತಕ್ಕೆ ಎಂದು ಬರೆದು ತಡವಾದದ್ದಕ್ಕೆ ದಂಡ, ಗೀರಿಗೆ 2,500 ರೂಪಾಯಿ. ಎರಡನ್ನೂ 5,000ದ ಠೇವಣಿಯಲ್ಲಿ ಮುರಿದುಕೊಂಡಿದ್ದರು. ಸವದತ್ತಿಗೆ ಬಂದ ಮೇಲೆ ಹುಡುಗನ ಸಹಿ ಇರುವ ಕಾಗದದ ಫೋಟೊ ಕಳಿಸಿದೆ, ಉತ್ತರ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ ಮೇಲೆ ದಂಡ ತಿರುಗಿ ಬಂತು. ಗೀರಿನ ಹಣ, ಮೋಪಾದಿಂದ ಬಂದ ಟ್ಯಾಕ್ಸಿಯ ಹಣ ಬಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರುವ ಜಿಲ್ಲೆಯಲ್ಲೇ ದಾವೆ ಹಾಕಲು ಬರುತ್ತದೆ, ಧಾರವಾಡಕ್ಕೋ ಗೋವಾಕ್ಕೋ ಅಲೆಯಬೇಕಿಲ್ಲ. ಹೋಗಲಿ ಬಿಡು ಅಪ್ಪ ಎಂದು ಮಗಳು ಅನ್ನುತ್ತಾಳೆ. ಬೆಳಗಾವಿಯ ಗ್ರಾಹಕ ಆಯೋಗಕ್ಕೆ ಅರ್ಜಿ ಬರೆದಿಟ್ಟಿದ್ದೇನೆ. ಧಾರವಾಡದ ಎರಡು ಫೋಟೊಗಳ ಪ್ರಿಂಟು ಹಾಕಿಸಿ ಲಗತ್ತಿಸುವುದಷ್ಟೇ ಬಾಕಿ.