ಆರು ತಂತಿಯ ತತ್ತ್ವಪದ

ಮಲೆನಾಡಿನ ಮಳೆಗಾಲದಲ್ಲಿ ಗಿಟಾರೊಂದನ್ನು ಕಾಪಾಡಿಕೊಳ್ಳುವುದು ಸುಲಭಸಾಧ್ಯವಲ್ಲವೆಂಬುದು, ಕಳಸದ ಸಮೀಪದ ನಮ್ಮ ತೋಟದ ಮನೆಗೆ ಆ ವಾದ್ಯವು ಬಂದ ಮೊದಲ ಆಷಾಢದಲ್ಲಿಯೇ ಸರ್ವರಿಗೂ ವೇದ್ಯವಾಯಿತು. ತಂತಿಗೆ ತುಕ್ಕು ಹಿಡಿಯಿತು, ಮರದ ಒಡಲಿಗೆ ಬೂಷ್ಟು ಬಂದಿತು, ಕೊರಳು ಬಾಗಿತು. ಮೈಸೂರಿನಲ್ಲಿ ಓದುತ್ತ ಅದನ್ನು ಸಂಪಾದಿಸಿಕೊಂಡು ಬಂದಿದ್ದ ನನ್ನ ತಂಗಿಯ ಮಗನು, ಹಸಿ ಏಲಕ್ಕಿಯನ್ನು ಒಣಗಿಸುವಂತೆ ಅದನ್ನು ಒಲೆಯ ಮೇಲಣ ಅಟ್ಟದಲ್ಲಿ ಬೆಚ್ಚಗಿರಿಸಿ, ಸಂಜೆಗೊಮ್ಮೆ ಕೆಳಗಿಳಿಸಿ, ಸುರಿಯುತ್ತಿದ್ದ ಮಳೆಗೆ ತಕ್ಕುದಾಗಿ ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದವನ್ನೇ ಹಾಡತೊಡಗಿದನು. ಪದವು ಶರೀಫರದಾದರೂ ಹಾಡುವ ಬಗೆ ರಘು ದೀಕ್ಷಿತರದು.

ಶರೀಫರ (1819–1889) ಗುರುಗಳಾದ ಗೋವಿಂದ ಭಟ್ಟರು ಕಳಸದವರೆಂದು ಕೇಳಿದೊಡನೆ ನಮ್ಮ ಸೀಮೆಯವರ ಎದೆ ಉಬ್ಬುವುದುಂಟು. ಆದರೆ ಅದು ಕಳಸೇಶ್ವರನ ಈ ಕಳಸವಲ್ಲ, ಕುಂದಗೋಳದ ಕಡೆಯದು. ಮಾಳಿಗೆಯೂ ಆ ಬಯಲುನಾಡಿನದೇ. ನಮ್ಮ ಇಳಿಜಾರು ಮಾಡಿನಲ್ಲಿ ಒಂದು ಹಂಚು ಒಡೆದರೆ ಒಂದೆಡೆ ಹನಿಯುತ್ತದೆ, ಕೆಳಗೆ ಪಾತ್ರೆಯಿಟ್ಟು ನಿದ್ರಿಸಬಹುದು; ಮಣ್ಣು ಮೆತ್ತಿದ ಸಮತಟ್ಟಾದ ಮಾಳಿಗೆಯಾದರೋ, ನೀರನ್ನು ಮೊದಲು ತಾನು ಕುಡಿದು, ಬಳಿಕ ಎಲ್ಲಿಂದ ಬಂದಿತೆಂದು ತಿಳಿಯದಂತೆ ಮನೆಯೊಳಗೆಲ್ಲ ಇಳಿಬಿಡುತ್ತದೆ. ಪದದಲ್ಲಿ ಬರುವ ಅಜ್ಞಾನಕ್ಕೆ ಇದಕ್ಕಿಂತ ಉಚಿತವಾದ ಉಪಮಾನವುಂಟೆ?

ನನ್ನ ಪ್ರಾಯದವರಿಗೆ ಶರೀಫರೆಂದರೆ ಸಿ. ಅಶ್ವತ್ಥರ ಕಂಠ. ನಾಗಾಭರಣರ ಚಿತ್ರದಲ್ಲಿ ಶ್ರೀಧರರು ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಕಾಣಿಸಿಕೊಂಡ ಬಳಿಕ, ಆ ಹಾಡುಗಳ ಕ್ಯಾಸೆಟ್ಟು ಮೊಳಗದ ಕಾಫಿ ಕಣವೇ ಇರಲಿಲ್ಲವೆನ್ನಬಹುದು.

ಆ ಕಂಠದಿಂದ ಪದವನ್ನು ಬಿಡಿಸಿಕೊಂಡು ಮತ್ತೊಂದು ಬಗೆಯಲ್ಲಿ ಹಾಡುವುದಕ್ಕೆ ಧೈರ್ಯ ಬೇಕಿತ್ತು. 1974ರಲ್ಲಿ ನಾಸಿಕದಲ್ಲಿ ಜನಿಸಿ, ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನಭ್ಯಸಿಸಿ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ವರ್ಣಪದಕವನ್ನು ಗಳಿಸಿ, ಸಹಪಾಠಿಯೊಬ್ಬನ ಪಣಕ್ಕೆ ಕಟ್ಟುಬಿದ್ದು ಗಿಟಾರು ಹಿಡಿದ ರಘು ದೀಕ್ಷಿತರು, 2008ರ ತಮ್ಮ ಮೊದಲ ಧ್ವನಿಸಂಪುಟದಲ್ಲಿ ಹಿಂದಿ, ಇಂಗ್ಲಿಷ್ ಗೀತಗಳ ನಡುವೆ ಶರೀಫರ ಎರಡು ಪದಗಳನ್ನಿರಿಸಿದರು. ಮುಂದೆ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿಯ ಉತ್ಸವ. ಲುಂಗಿಯುಟ್ಟು ಗೆಜ್ಜೆ ಕಟ್ಟಿದ ವೇಷವಂತೂ ಸರ್ವತ್ರ ಒಂದೇ. ಬಿಟ್ಟ ನಾಟ್ಯವು ಕಾಲನ್ನು ಬಿಟ್ಟಿರಲಿಲ್ಲವೆಂದು ತೋರುತ್ತದೆ.

ತತ್ತ್ವಪದವು ತಂಬೂರಿಯ ಏಕಶ್ರುತಿಯನ್ನು ನಂಬಿ ಬಾಳಿದುದು. ಆರು ತಂತಿಗಳ ಸ್ವರಗುಚ್ಛವು ಕೂಡಿದೊಡನೆ ರಾಗಕ್ಕೆ ಬೇಡದ ನೆಳಲುಗಳು ಸೇರಿಬಿಡುತ್ತವೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. ಆದರೆ ರಘು ದೀಕ್ಷಿತರ ಬಲಗೈಯನ್ನು ಗಮನಿಸಬೇಕು: ಅದು ತಂತಿಯನ್ನು ಮೀಟುವುದಕ್ಕಿಂತ ಹೆಚ್ಚಾಗಿ ದಮ್ಮಡಿಯಂತೆ ಬಡಿಯುತ್ತದೆ. ವಾದ್ಯವೃಂದವು ಸಭಾಮಂಟಪಕ್ಕೇರಿಸಿದ್ದ ಪದವು ಈ ಬಡಿತದಿಂದ ಭಜನೆಯ ಬೀದಿಗೆ ಮರಳಿತೆಂಬುದೇ ನನ್ನ ಮತ. ಡ್ರಮ್ಮಿನ ಅಬ್ಬರದಲ್ಲಿ ಒಮ್ಮೊಮ್ಮೆ ಚರಣವೇ ಮುಳುಗಿಹೋಗುವುದೆಂಬುದೂ ನಿಜ. ಸೋರುವ ಮನೆಯ ದುಃಖಕ್ಕೆ ಸಹಸ್ರ ಜನ ಕುಣಿಯುವುದನ್ನು ಕಂಡರೆ ಶರೀಫರು ನಗುತ್ತಿದ್ದರೋ ಏನೋ.

ರಘು ಅವರ ಸಹೋದರ ವಾಸು ದೀಕ್ಷಿತರ ‘ಸ್ವರಾತ್ಮ’ ತಂಡವೂ ಇದೇ ದಾರಿಯಲ್ಲಿ ತನ್ನದೇ ಹೆಜ್ಜೆಯಿಟ್ಟಿತು. ಈಗ ಮೂಡಿಗೆರೆಯ ಕಡೆಯ ಹೋಮ್‌ಸ್ಟೇಗಳ ಬೆಂಕಿಯ ಸುತ್ತ ಕುಳಿತ ತರುಣರು ಗಿಟಾರಿನೊಡನೆ ಶರೀಫರನ್ನು ಹಾಡುತ್ತಾರೆ, ಅರ್ಥವನ್ನು ಅರೆಬರೆ ಬಲ್ಲವರಾಗಿ. ನನ್ನ ಸೋದರಳಿಯನಾದರೂ ಮೊನ್ನೆ ಚರಣವೊಂದರ ತಾತ್ಪರ್ಯವನ್ನು ಕೇಳಿದನು. ಕೇಳುವವರಿಲ್ಲದೆ ಕಪಾಟಿನಲ್ಲಿ ಬಿದ್ದಿದ್ದ ಶರೀಫರ ಪದಗಳ ಸಂಪುಟವನ್ನು ನಾನು ಸಂಭ್ರಮದಿಂದ ಕೆಳಗಿಳಿಸಿಕೊಟ್ಟೆನು. ಹಿಂದಿರುಗಿಸುವ ಲಕ್ಷಣ ಕಾಣದು.