ಹೊಳೆ ದಾಟಿದ್ರೆ ಬಾಂಬೆ! (ನಮ್ಮೂರ ಇತಿಹಾಸ, ಭಾಗ 6)

ದಾವಣಗೆರೆಯಿಂದ ಬಸ್ ಹತ್ತಿ ಹರಿಹರದ ಸೇತುವೆ ಮೇಲೆ ನೀವೂ ಒಮ್ಮೆಯಾದ್ರೂ ಹೋಗಿರ್ತೀರಿ. ಮೊನ್ನೆ ನಾನು ಅಜ್ಜಿಯನ್ನ ತವರಿಗೆ ಕರ್ಕೊಂಡು ಹೋಗ್ತಿದ್ದೆ. ತುಂಗಭದ್ರೆ ನೋಡಿದ್ದೇ ತಡ, "ನಾನು ಬಾಂಬೆ ಕಡೆಯಾಕಿ, ನಿಮ್ಮಜ್ಜ ಮೈಸೂರು ಕಡೆಯೋರು" ಅಂದಳು. ನಾನು ನಕ್ಕೆ. ಹೊಳೆ ಆಚೆ ಇರೋದು ರಾಣೆಬೆನ್ನೂರು ತಾಲ್ಲೂಕು, ಬಾಂಬೆ ಎಲ್ಲಿಂದ ಬಂತು?

ಬಂದದ್ದು ಒಂದು ಒಪ್ಪಂದದಿಂದ. ಪರೀಕ್ಷೆಗೆ ಒಂದು ಅಂಕಕ್ಕೆ ಬಾಯಿಪಾಠ ಮಾಡಿದ್ವಲ್ಲ, 1792ರ ಶ್ರೀರಂಗಪಟ್ಟಣ ಒಪ್ಪಂದ, ಅದೇ.

1789ರ ಕೊನೆಗೆ ಟಿಪ್ಪು ತಿರುವಾಂಕೂರಿನ ಮೇಲೆ ಹೋದ. ಕಂಪನಿ, ಮರಾಠರು, ನಿಜಾಮ ಮೂವರೂ ಒಟ್ಟಾಗಿ ಅವನ ಮೇಲೆ ಬಿದ್ದರು. ಸೋತ. ಶರತ್ತು ಹೀಗಿತ್ತು: ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು, ಅಲ್ಲಿವರೆಗೂ ಇಬ್ಬರು ಗಂಡುಮಕ್ಕಳು ಒತ್ತೆ. ಇಬ್ಬರೂ ಇನ್ನೂ ಚಿಕ್ಕ ಹುಡುಗರು.

ಈಗ ಲೆಕ್ಕ ನೋಡಿ. ಆಗ ರಾಜ್ಯದ ವರ್ಷದ ಆದಾಯ ಸುಮಾರು 2 ಕೋಟಿ 37 ಲಕ್ಷ ಅಂತ ಹಿಡಿದಿದ್ದರು. ಅರ್ಧ ಹೋದ ಮೇಲೆ ಉಳಿದದ್ದು 1 ಕೋಟಿ 18 ಲಕ್ಷದಷ್ಟು. ಅಂದ್ರೆ ದಂಡ ಹೆಚ್ಚುಕಡಿಮೆ ಮೂರು ವರ್ಷದ ಆದಾಯ. ಅರ್ಧ ತಕ್ಷಣ ಕೊಡಬೇಕು, ಉಳಿದದ್ದು ನಾಲ್ಕು ನಾಲ್ಕು ತಿಂಗಳಿಗೆ ಮೂರು ಕಂತು.

ಇದನ್ನ ಅಪ್ಪನಿಗೆ ಹೇಳಿದೆ. ಅವರು ಭತ್ತ ಬೆಳೆಯೋರು. "ಅಂದ್ರೆ ನಾಲ್ಕೆಕರೆಲಿ ಎರಡೆಕರೆ ಕಿತ್ಕೊಂಡು, ಉಳಿದ ಎರಡೆಕರೆಯ ಮೂರು ವರ್ಷದ ಬೆಳೆ ಈ ವರ್ಷವೇ ಕೊಡು ಅಂದಂಗೆ. ರೈತ ಉಳೀತಾನಾ?" ಅಂದ್ರು.

ಇತಿಹಾಸದ ಪುಸ್ತಕ ಅರ್ಥ ಆಗಿದ್ದು ನನಗೆ ಆವಾಗ್ಲೇ. ಸಹಿ ಹಾಕಿದ್ದು ಅರಮನೆ. ಹಣ ಮಾತ್ರ ಖಜಾನೆಯಿಂದಷ್ಟೇ ಬರಲಿಲ್ಲ, ಸೈನ್ಯದಿಂದ, ಅಧಿಕಾರಿಗಳಿಂದ, ಕೊನೆಗೆ ಜನರಿಂದ ಎತ್ತಿದರು. ಪೂರ್ತಿ ಕಟ್ಟಿದ ಮೇಲೆ, 1794ರಲ್ಲಿ ಮಕ್ಕಳು ವಾಪಸ್ ಬಂದರು.

ಶಾಂತಿ ಬಂತಾ? ಇಲ್ಲ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮುಂದೆ 1919ರಲ್ಲಿ ವರ್ಸೈಲ್ಸ್ ಒಪ್ಪಂದದಲ್ಲಿ ಜರ್ಮನಿ ಯುರೋಪಿನ ತನ್ನ ನೆಲದಲ್ಲಿ ಶೇಕಡ 13ರಷ್ಟು ಕಳ್ಕೊಂಡು, ಕಟ್ಟಲಾಗದಷ್ಟು ದಂಡ ಹೊತ್ತಿತು. ಇಪ್ಪತ್ತೇ ವರ್ಷಕ್ಕೆ ಮತ್ತೆ ಮಹಾಯುದ್ಧ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದ್ರೆ ಸೋತವನ ಬೆನ್ನು ಮುರಿದು ಬರೆಸಿಕೊಂಡ ಶಾಂತಿ ಎರಡೂ ಕಡೆ ಬಾಳಲಿಲ್ಲ.

ಬಾಳಿದ್ದು ಗಡಿ. 1792ರಲ್ಲಿ ತುಂಗಭದ್ರೆಯ ಆಚೆ ದಡ ಮರಾಠರ ಪಾಲಾಯ್ತು. 1818ರಲ್ಲಿ ಪೇಶ್ವೆ ಸೋತಾಗ ಅದು ಕಂಪನಿಯ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಹರಿಹರ ಮೈಸೂರಲ್ಲೇ ಉಳೀತು. ಎರಡೂ ದಡದಲ್ಲಿ ಅದೇ ಕನ್ನಡ, ಅದೇ ರೊಟ್ಟಿ, ಅದೇ ಬೀಗತನ, ಸರ್ಕಾರ ಮಾತ್ರ ಬೇರೆ ಬೇರೆ. ಎರಡು ದಡ ಒಂದೇ ರಾಜ್ಯ ಆಗೋಕೆ 1956ರ ನವೆಂಬರ್ 1ರವರೆಗೆ ಕಾಯಬೇಕಾಯ್ತು. ಬರೋಬ್ಬರಿ 164 ವರ್ಷ.

ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಕಾಮೆಂಟಲ್ಲಿ ಜಗಳ ಬೇಡ ಪ್ಲೀಸ್. ಇನ್ಮೇಲೆ ಯಾವ ಒಪ್ಪಂದ ಓದಿದ್ರೂ ಒಂದೇ ಪ್ರಶ್ನೆ ಕೇಳಿ: ದುಡ್ಡು ಕಟ್ಟಿದವರು ಯಾರು?

ನಿಮ್ಮನೇಲೂ "ಬಾಂಬೆ ಕಡೆಯಾಕಿ" ಅಜ್ಜಿ ಇದ್ರೆ ಇವತ್ತೇ ಮಾತಾಡ್ಸಿ. ಅವಳು ಹೇಳಿದ್ದನ್ನ ಕೆಳಗೆ ಬರೀರಿ, ನಾನು ಕಾಯ್ತಿರ್ತೀನಿ.