ಮನೋಹರಪುರದ ವಿಳಾಸಕ್ಕೊಂದು ಕಾಗದ

ಪುಟ್ಟ ತಿಮೋತಿ,

ಗಾಡಿಯೊಳಗೆ ಮಲಗುವುದೆಂದರೆ ಮಕ್ಕಳಿಗೆ ಹಬ್ಬ. ಊಟಿಯ ಶಾಲೆಗೆ ರಜೆ, ಅಪ್ಪನ ಜೊತೆ ಕಾಡೂರಿನ ಪ್ರಯಾಣ, ಮಗ್ಗುಲಲ್ಲಿ ಅಣ್ಣ ಫಿಲಿಪ್. ಒಡಿಶಾದ ಕಿಯೋಂಜಾರ್ ಜಿಲ್ಲೆಯ ಮನೋಹರಪುರದ ಆ ಚಳಿಯಲ್ಲಿ ನೀನೂ ಖುಷಿಯಿಂದಲೇ ಹೊದ್ದು ಮಲಗಿರಬೇಕು ಅಂದುಕೊಳ್ಳುತ್ತೇನೆ. 1999ರ ಜನವರಿ 22 ಕಳೆದು 23 ಕಾಲಿಟ್ಟಿತ್ತಷ್ಟೆ. ದೊಣ್ಣೆ ಹಿಡಿದ ಗುಂಪು ಬಂತು, ಗಾಡಿಯ ಕೆಳಗೆ ಹುಲ್ಲು ತುರುಕಿ ಬೆಂಕಿಯಿಟ್ಟಿತು. ಬಿಡಿಸಲು ಬಂದ ಹಳ್ಳಿಯವರನ್ನು ಹಿಮ್ಮೆಟ್ಟಿಸಿತು. ನಿನಗಾಗ ಆರು ವರ್ಷ, ಫಿಲಿಪ್‌ಗೆ ಹತ್ತು. ಆ ರಾತ್ರಿಯ ಬಗ್ಗೆ ಇನ್ನೂ ಬರೆಯಲು ನನಗೆ ಕೈ ಏಳುವುದಿಲ್ಲ.

ನಿನ್ನಪ್ಪ ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದಿಂದ ಬಂದದ್ದು 1965ರಲ್ಲಿ. ಮಯೂರ್‌ಭಂಜ್‌ನ ಬಾರಿಪದಾದಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ನೋಡಿಕೊಳ್ಳುತ್ತಾ ಅಲ್ಲಿಯವರೇ ಆಗಿಹೋದರು. ಒಡಿಯಾ, ಸಂತಾಲಿ, ಹೋ ಭಾಷೆಗಳಲ್ಲಿ ಮಾತಾಡುತ್ತಿದ್ದರು. ಆ ಕೆಲಸ ಎಂಥದ್ದು ಅನ್ನುವುದು ದೂರದಿಂದ ಹೊಗಳುವವರಿಗೆ ಗೊತ್ತಿರುವುದಿಲ್ಲ. ಮಾತ್ರೆ ನುಂಗಿದರೆ ರೋಗ ವಾಸಿಯಾಗುತ್ತದೆ, ನಿಜ. ಆದರೆ ಒಮ್ಮೆ ಸತ್ತ ನರಕ್ಕೆ ಜೀವ ಬರುವುದಿಲ್ಲ. ಜೋಮು ಹಿಡಿದ ಪಾದಕ್ಕೆ ಮುಳ್ಳು ಹೊಕ್ಕರೂ, ಕೆಂಡ ತಾಕಿದರೂ ತಿಳಿಯದು. ಹುಣ್ಣು ತೊಳೆಯಬೇಕು, ಪಟ್ಟಿ ಕಟ್ಟಬೇಕು, ನಾಳೆ ಬಿಚ್ಚಿ ಮತ್ತೆ ಕಟ್ಟಬೇಕು. ವಾಸಿಯಾದವರಿಗೂ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಅವರ ಕೈಗೊಂದು ಕೆಲಸ ಬೇಕು. ಸಬಾಯಿ ಹುಲ್ಲಿನ ಹಗ್ಗ, ಬುಟ್ಟಿ ಹೀಗೆ ಹುಟ್ಟಿದ್ದು.

ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ನಿನ್ನಪ್ಪನ ಪರ ಮಾತಾಡುವ ಕೆಲವರು ಅವರನ್ನು ಬರೀ ಸಮಾಜಸೇವಕ ಎಂದುಬಿಡುತ್ತಾರೆ. ಅದು ಹೆದರಿಕೆಯ ಹೊಗಳಿಕೆ. ಅವರು ಮಿಷನರಿ. ನೀವು ಮನೋಹರಪುರಕ್ಕೆ ಹೋದದ್ದೂ ಕ್ರೈಸ್ತರ ಶಿಬಿರಕ್ಕೇ. ಯೇಸುವಿನ ಮಾತು ಹೇಳುವುದು ಅಪರಾಧವಲ್ಲ. ಈ ಹತ್ಯೆಯ ತನಿಖೆ ಮಾಡಿದ ವಾಧ್ವಾ ಆಯೋಗಕ್ಕೆ ಬಲವಂತದ ಮತಾಂತರದ ಪುರಾವೆಯೂ ಸಿಗಲಿಲ್ಲ. ಇದ್ದಿದ್ದರೂ ಮಲಗಿದ್ದ ಮಕ್ಕಳಿಗೆ ಅದರ ಲೆಕ್ಕವೆಲ್ಲಿಯದು?

ನಿನ್ನಮ್ಮ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಅಪ್ಪನನ್ನೂ ನಿಮ್ಮಿಬ್ಬರನ್ನೂ ಮಣ್ಣು ಮಾಡುವಾಗ ಅವರೂ ನಿನ್ನಕ್ಕ ಎಸ್ತರಳೂ ನಿಂತು ಹಾಡಿದರು. ದೇಶಕ್ಕೆ ದೇಶವೇ ಕಣ್ಣೊರೆಸಿಕೊಂಡಿತು. ಕ್ಷಮೆ ಬೇರೆ, ಅಪರಾಧದ ಫಲ ಬೇರೆ ಎಂದೂ ಅವರು ಹೇಳಿದ್ದರು. ಆ ಅರ್ಧ ನಮಗೆ ಕೇಳಿಸಲಿಲ್ಲ. ಅಮ್ಮನೇ ಕ್ಷಮಿಸಿದಳಲ್ಲ, ಇನ್ನು ನಮ್ಮದೇನು ಎಂದು ಪೇಪರ್ ಮಡಚಿಟ್ಟೆವು. ಅವರು ಮಾತ್ರ ಆಶ್ರಯಧಾಮಕ್ಕೆ ಮರಳಿ ಅದೇ ಪಾದಗಳ ನಡುವೆ ಮತ್ತೆ ಐದು ವರ್ಷ ಇದ್ದರು. 2004ರಲ್ಲಿ ನಿನ್ನಪ್ಪನ ಹೆಸರಿನ ಆಸ್ಪತ್ರೆ ಆಯಿತು, 2005ರಲ್ಲಿ ಅಮ್ಮನಿಗೆ ಪದ್ಮಶ್ರೀ ಬಂತು. ಆಡಿದ ಕ್ಷಮೆಗಿಂತ ನನಗೆ ಆ ಐದು ವರ್ಷಗಳೇ ದೊಡ್ಡವು.

ಕೋರ್ಟಿನ ಕಥೆ ಚುಟುಕಾಗಿ ಹೇಳುತ್ತೇನೆ. ಆ ಗುಂಪಿನ ಮುಂದಾಳು ದಾರಾ ಸಿಂಗ್‌ಗೆ 2003ರಲ್ಲಿ ಗಲ್ಲು, 2005ರಲ್ಲಿ ಅದು ಜೀವಾವಧಿಗೆ ಇಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನಿನ್ನಪ್ಪನಿಗೆ ‘ಪಾಠ ಕಲಿಸುವ’ ಉದ್ದೇಶದ ಮಾತೊಂದು ನುಸುಳಿತ್ತು. ಪ್ರತಿಭಟನೆ ಎದ್ದ ಮೇಲೆ ಕೋರ್ಟೇ ಅದನ್ನು ಅಳಿಸಿತು. ಇನ್ನೊಬ್ಬ ಅಪರಾಧಿ 2025ರ ಏಪ್ರಿಲ್‌ನಲ್ಲಿ ಸನ್ನಡತೆಯ ಮೇಲೆ ಹೊರಬಂದ.

ಅಮ್ಮ ಕ್ಷಮಿಸಿದ್ದು ಅಮ್ಮನ ಪಾಲಿನ ನೋವಿಗೆ. ನಿನ್ನ ಪಾಲಿನದು ಯಾರ ಬಳಿಯೂ ಇಲ್ಲ. ಅದಕ್ಕೇ ಕಾಗದ ನಿನ್ನ ಹೆಸರಿಗೆ. ಕ್ಷಮಿಸು ಎಂದು ಕೇಳುತ್ತಿಲ್ಲ, ಆರು ವರ್ಷದ ಹುಡುಗನ ಹೆಗಲಿಗೆ ಆ ಭಾರ ಹೊರಿಸಬಾರದು.

ನನ್ನ ಮನೆಯದೂ ಒಂದು ಬಾಕಿ ಇದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧ ಕೊಡಲು ತೊಡಗಿದ ಫಾದರ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೂ ಒಂದು ನೆಲೆ ಮಾಡಿದ್ದರು. ಬಹಳ ವರ್ಷದ ಮೇಲೆ ನನ್ನ ಅಜ್ಜ ತನ್ನ ತಂಗಿಯನ್ನು ಕರೆದೊಯ್ದು ಬಿಟ್ಟುಬಂದದ್ದು ಅಲ್ಲಿಗೇ. ಯಾರೋ ಪರದೇಶಿ ಶುರುಮಾಡಿದ ಮನೆಯಲ್ಲಿ ಅವಳ ಹುಣ್ಣು ತೊಳೆದರು. ನಾವು ದೀಪಾವಳಿಗೂ ನೋಡಲು ಹೋಗಲಿಲ್ಲ. ಅವಳು ಯಾವಾಗ ಸತ್ತಳೆಂದು ಅಪ್ಪನನ್ನು ಕೇಳಿದ್ದೆ. ಅವನಿಗೆ ಗೊತ್ತಿರಲಿಲ್ಲ. ಹೆಸರು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ದೊಡ್ಡ ರೋಗದ ಅತ್ತೆ ಅಂತಲೇ ಅನ್ನುತ್ತಿದ್ದೆವು” ಅಂದ.